ನೀರೊಳಗಣ ಮೀನಿನ ಹೆಜ್ಜೆ

ಅರ್ಥಶಾಸ್ತ್ರವನ್ನು ಬರೆದ ಕೌಟಿಲ್ಯನು ಬೊಕ್ಕಸದ ಅಧಿಕಾರಿಗಳ ವಿಷಯ ಹೇಳುವಾಗ ಮೀನನ್ನು ಹೋಲಿಕೆಗೆ ತಂದಿದ್ದಾನೆ. ನೀರಲ್ಲೇ ಓಡಾಡುವ ಮೀನು ನೀರನ್ನು ಯಾವಾಗ ಕುಡಿಯಿತೆಂದು ಕಂಡುಹಿಡಿಯುವುದು ಹೇಗೆ ಅಸಾಧ್ಯವೋ, ಹಣದ ನಡುವೆ ಓಡಾಡುವವರ ಕೈಚಳಕವನ್ನು ಹಿಡಿಯುವುದೂ ಹಾಗೆಯೇ ಎಂಬುದು ಆತನ ತಾತ್ಪರ್ಯ. ಅಧಿಕಾರಿಗಳ ಮಾತು ಹಾಗಿರಲಿ. ಮೀನಿನ ಮಟ್ಟಿಗೆ ಮಾತ್ರ ಅವನ ಮಾತು ಸುಮಾರು ಎರಡು ಸಾವಿರ ವರ್ಷ ಸುಳ್ಳಾಗಲಿಲ್ಲ. ಕಾಡಿನಲ್ಲಿ ಹುಲಿ ನಡೆದರೆ ಹೆಜ್ಜೆ ಮೂಡುತ್ತದೆ. ಹಕ್ಕಿ ಹಾರಿದರೆ ಕಣ್ಣಿಗಾದರೂ ಕಾಣುತ್ತದೆ. ಮೀನು ಬಾಲವನ್ನೊಮ್ಮೆ ಬೀಸಿ ಆಳಕ್ಕಿಳಿಯಿತೆಂದರೆ ತೀರಿತು; ಅದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು, ಮತ್ತೆ ಬರುವುದೋ ಇಲ್ಲವೋ, ಹೇಳುವವರಿಲ್ಲ.

ಹೇಳುವವರಿಲ್ಲದಿದ್ದುದರಿಂದ ಜನರು ಊಹಿಸಿದರು. ಊಹೆಗಳಿಂದ ಕೇಡೇನೂ ಇಲ್ಲವೆಂದು ತೋರಬಹುದು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ನದಿಗಳಿಗೆ ಅಡ್ಡಲಾಗಿ ದೊಡ್ಡ ಕಟ್ಟೆಗಳೆದ್ದು, ಕಡಲಿಗೆ ದೊಡ್ಡ ದೊಡ್ಡ ಬಲೆಗಳಿಳಿದ ಮೇಲೆ, ಊಹೆಯನ್ನು ನಂಬಿ ನಡೆದುದರ ಬೆಲೆಯನ್ನು ಮೀನೂ ತೆರಬೇಕಾಯಿತು, ಮೀನನ್ನು ನಂಬಿದ ಮನುಷ್ಯರೂ ತೆರಬೇಕಾಯಿತು. ಮೀನನ್ನೇ ಸಾಕ್ಷಿಯ ಕಟ್ಟೆಗೆ ಕರೆತಂದ ಒಂದು ಚಿಕ್ಕ ಯಂತ್ರದ ಚರಿತ್ರೆಯನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

ಮೀನಿಗೆ ಗುರುತು ಹಾಕಿ ಬಿಡುವ ಯೋಚನೆ ಹಳೆಯದು. ಐಸಾಕ್ ವಾಲ್ಟನ್ ಎಂಬ ಇಂಗ್ಲಿಷ್ ಗ್ರಂಥಕಾರ 1653ರಲ್ಲಿ ಗಾಳ ಹಾಕುವವರಿಗಾಗಿ ಬರೆದ ಪ್ರಸಿದ್ಧ ಪುಸ್ತಕದಲ್ಲಿ, ಕಡಲಿಗಿಳಿಯುವ ಸಾಲ್ಮನ್ ಮರಿಗಳ ಬಾಲಕ್ಕೆ ಪಟ್ಟಿ ಕಟ್ಟಿ ಬಿಟ್ಟು, ಅವು ದೊಡ್ಡವಾಗಿ ಅದೇ ಜಾಗಕ್ಕೆ ಮರಳಿದಾಗ ಹಿಡಿದು ಗುರುತಿಸಿದ ಸಂಗತಿ ಬರುತ್ತದೆ. ಅದಾಗಿ ಇನ್ನೂರು ವರ್ಷಗಳ ಮೇಲೆ, 1870ರ ದಶಕದಲ್ಲಿ, ಅಮೆರಿಕದ ಮೇಯ್ನ್ ಸಂಸ್ಥಾನದ ಪೆನಾಬ್‌ಸ್ಕಾಟ್ ನದಿಯಲ್ಲಿ ಚಾರ್ಲ್ಸ್ ಆಟ್ಕಿನ್ಸ್ ಎಂಬಾತ ಸಾಲ್ಮನ್‌ಗಳಿಗೆ ಅಂಕಿ ಕೆತ್ತಿದ ಲೋಹದ ಬಿಲ್ಲೆ ಕಟ್ಟಿ ಬಿಟ್ಟ. ಮೊದಮೊದಲು ಬಿಲ್ಲೆಗಳು ಕಳಚಿಹೋದವು, ಆತ ಬಿಡಲಿಲ್ಲ. ಕೊನೆಗೆ ಎರಡು ವರ್ಷಗಳ ತರುವಾಯ ಅವನ ಬಿಲ್ಲೆ ಹೊತ್ತ ಮೀನುಗಳು ಅದೇ ಹೊಳೆಗೆ ಬಂದವು. 1890ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್‌ಸನ್, ಅಂಗಿಯ ಗುಂಡಿಯಂಥ ಎರಡು ಬಿಲ್ಲೆಗಳನ್ನು ಮೀನಿನ ಬೆನ್ನಿನ ಎರಡು ಪಕ್ಕಕ್ಕೂ ತಂತಿಯಿಂದ ಪೋಣಿಸಿ ಬಿಡುವ ಕ್ರಮವನ್ನು ರೂಢಿಗೆ ತಂದ. ಹೀಗೆ ಗುರುತು ಹಾಕಿದವುಗಳಲ್ಲಿ ಎಷ್ಟು ಮರಳಿ ಸಿಕ್ಕವು ಎಂಬುದರಿಂದ ನೀರಿನಲ್ಲಿ ಒಟ್ಟು ಎಷ್ಟು ಮೀನಿರಬಹುದೆಂದು ಎಣಿಸುವ ಉಪಾಯಕ್ಕೂ ಅವನ ಹೆಸರೇ ಅಂಟಿಕೊಂಡಿದೆ.

ಈ ಬಿಲ್ಲೆಯ ಸಾಲು ನಮ್ಮ ಕಾರವಾರ, ಮಂಗಳೂರುಗಳ ಕರೆಯವರೆಗೂ ಬಂದುದುಂಟು. ಮಳೆಗಾಲ ತೀರಿದ ಮೇಲೆ ದಡಕ್ಕೆ ಬರುವ ಬಂಗುಡೆಯ ಹಿಂಡನ್ನು ರಂಪಣಿ ಬಲೆಯಿಂದ ಸುತ್ತುಗಟ್ಟಿ, ಊರಿಗೆ ಊರೇ ನಿಂತು ಎಳೆಯುತ್ತಿದ್ದ ನೋಟವನ್ನು ನಮ್ಮಲ್ಲಿ ಹಿರಿಯರಾದ ಕರಾವಳಿಯವರು ಕಂಡಿರುತ್ತಾರೆ. 1970ರ ದಶಕದ ಕೊನೆಗೆ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು ಆ ವೈಭವ ಇಳಿಯಿತು. ಅದೊಂದು ಬೇರೆಯೇ ಕತೆ. ಬಂಗುಡೆ ಒಂದು ವರ್ಷ ಬುಟ್ಟಿ ತುಂಬಿ ಚೆಲ್ಲುವಷ್ಟು ಬಂದರೆ ಇನ್ನೊಂದು ವರ್ಷ ಮುಖವನ್ನೇ ತೋರಿಸುತ್ತಿರಲಿಲ್ಲ. ಅದು ದಡ ಬಿಟ್ಟು ಎಲ್ಲಿಗೆ ಹೋಗುತ್ತದೆ? ಆಳ ಕಡಲಿಗೋ, ತೆಂಕಣ ಕೇರಳಕ್ಕೋ, ಬಡಗಣ ಕೊಂಕಣಕ್ಕೋ? ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 1966ರಿಂದ 1969ರವರೆಗೆ ಪಶ್ಚಿಮ ಕರಾವಳಿಯಲ್ಲಿ ಬಂಗುಡೆಗೂ ಬೂತಾಯಿಗೂ ಬಿಲ್ಲೆ ಹಾಕಿ ಬಿಡುವ ಕಾರ್ಯವನ್ನು ಕೈಕೊಂಡರು. ಒಂದು ಗೇಣಿನ ಮೀನಿಗೆ ಬಿಲ್ಲೆ ಕಟ್ಟಿ, ಅದು ಸಾಯದಂತೆ ನೀರಿಗೆ ಬಿಟ್ಟು, ಯಾವ ಊರಿನ ಯಾವ ಬಲೆಯಲ್ಲಿ ಸಿಕ್ಕೀತೆಂದು ಕಾದು ಕೂರುವುದು ಸಾಮಾನ್ಯ ತಾಳ್ಮೆಯ ಕೆಲಸವಲ್ಲ.

ತಾಳ್ಮೆ ಎಷ್ಟಿದ್ದರೂ ಬಿಲ್ಲೆಗೆ ಒಂದು ಕೊರತೆಯಿದ್ದೇ ಇತ್ತು. ಬಿಟ್ಟ ಜಾಗ ಗೊತ್ತು, ಹಿಡಿದ ಜಾಗ ಗೊತ್ತು. ನಡುವೆ ನಡೆದುದು ಗೊತ್ತಿಲ್ಲ. ಊರಿನಿಂದ ಹೊರಟ ದಿನ ಮತ್ತು ಪರಸ್ಥಳದಲ್ಲಿ ಸತ್ತ ದಿನ, ಇವೆರಡನ್ನೇ ಹಿಡಿದು ಒಬ್ಬನ ಜೀವನಚರಿತ್ರೆ ಬರೆದಂತೆ. ಅಲ್ಲದೆ ಹಿಡಿದು ಕೊಂದ ಮೇಲಷ್ಟೆ ಆ ಮೀನು ಬಾಯಿ ಬಿಡುತ್ತಿತ್ತು. ಬದುಕಿರುವ ಮೀನು ನಡುನೀರಿನಿಂದಲೇ ವರ್ತಮಾನ ಕಳುಹಿಸುವಂತಾಗಬೇಕಾದರೆ ಬಿಲ್ಲೆಗೆ ದನಿ ಬರಬೇಕಾಗಿತ್ತು. ದನಿ ಬಂದುದು ಅಮೆರಿಕದ ವಾಯವ್ಯ ಮೂಲೆಯಲ್ಲಿ ಹರಿಯುವ ಕೊಲಂಬಿಯಾ ನದಿಯಲ್ಲಿ.

ಸುಮಾರು 2,000 ಕಿಲೋಮೀಟರ್ ಉದ್ದದ ಈ ನದಿ ಕೆನಡಾದ ಬೆಟ್ಟಗಳಲ್ಲಿ ಹುಟ್ಟಿ ಶಾಂತಸಾಗರವನ್ನು ಸೇರುತ್ತದೆ. ಇದರ ಸಾಲ್ಮನ್‌ಗಳು ಬೆಟ್ಟದ ತೊರೆಗಳ ಜಲ್ಲಿಯಲ್ಲಿ ಮೊಟ್ಟೆಯೊಡೆದು, ಮರಿಯಾಗಿ ಹೊಳೆಗುಂಟ ಇಳಿದು, ಕಡಲಿನಲ್ಲಿ ಕೆಲವು ವರ್ಷ ಮೇಯ್ದು ಬೆಳೆದು, ಕೊನೆಗೊಮ್ಮೆ ತಾವು ಹುಟ್ಟಿದ ತೊರೆಗೇ ಏರಿ ಬಂದು ಮೊಟ್ಟೆಯಿಟ್ಟು ಸಾಯುತ್ತವೆ. ನದಿಯನ್ನು ಹೊಕ್ಕ ಮೇಲೆ ಅವಕ್ಕೆ ಊಟವಿಲ್ಲ. ಮೈಯ ಕೊಬ್ಬನ್ನೇ ಕರಗಿಸಿಕೊಂಡು ಮೇಲೇರಬೇಕು. ಇಂಥ ನದಿಗೆ 1938ರಲ್ಲಿ ಬಾನವಿಲ್ ಕಟ್ಟೆ ಅಡ್ಡ ಬಂದಿತು. ಅದನ್ನು ಕಟ್ಟಿದವರು ಮೀನು ಏರಲೆಂದು ಪಕ್ಕದಲ್ಲಿ ಮೆಟ್ಟಿಲುಮೆಟ್ಟಿಲಾಗಿ ನೀರಿನ ಏಣಿಯನ್ನೂ ಕಟ್ಟಿದರು. ಮೇಲ್ಗಡೆಯಲ್ಲಿ 1942ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿ ಕಟ್ಟೆಗೆ ಏಣಿಯನ್ನೇ ಇಡಲಿಲ್ಲ. ಅಷ್ಟೆತ್ತರಕ್ಕೆ ಇಡುವುದು ಆಗದೆಂದರು. ಅದರಾಚೆಯ ನದಿ, ಅದರ ಉಪನದಿಗಳೆಲ್ಲ ಸಾಲ್ಮನ್ನಿಗೆ ಒಂದೇ ಸಲಕ್ಕೆ ಮುಚ್ಚಿಹೋದವು.

ಏಣಿಯಿದ್ದ ಕಟ್ಟೆಗಳಲ್ಲಿ ಮೀನೆಣಿಸುವವರನ್ನು ನೇಮಿಸಿದರು. ಏಣಿಯ ಕಂಡಿಯ ಬಳಿ ಕೂತು, ಹಾದುಹೋಗುವ ಒಂದೊಂದು ಮೀನಿಗೂ ಒಂದೊಂದು ಲೆಕ್ಕ ಒತ್ತುವುದೇ ಅವರ ಉದ್ಯೋಗ. ಹೀಗೆ ವರ್ಷಗಟ್ಟಲೆ ಎಣಿಸಿದಾಗ ಒಂದು ತೊಡಕು ಕಾಣಿಸಿತು: ಕೆಳಗಿನ ಕಟ್ಟೆಯನ್ನು ದಾಟಿದವುಗಳ ಸಂಖ್ಯೆಗೂ ಮೇಲಿನದನ್ನು ದಾಟಿದವುಗಳ ಸಂಖ್ಯೆಗೂ ತಾಳೆ ಬೀಳಲೊಲ್ಲದು. ನಡುವೆ ಕೆಲವನ್ನು ಬೆಸ್ತರು ಹಿಡಿದರು, ಕೆಲವು ಪಕ್ಕದ ಹೊಳೆಗೆ ತಿರುಗಿದವು, ಸರಿ. ಉಳಿದವು? ಕಟ್ಟೆಯನ್ನು ಕಟ್ಟಿದವರು ಬೆಸ್ತರತ್ತ ಬೆರಳು ಮಾಡಿದರು, ಬೆಸ್ತರು ಕಟ್ಟೆಯತ್ತ. ಮೀನನ್ನು ಕೇಳೋಣವೆಂದರೆ ಅದಕ್ಕೆ ಬಾಯಿಲ್ಲ.

ಇಲ್ಲಿ ಸ್ವಲ್ಪ ಪದಾರ್ಥ ವಿಜ್ಞಾನ ಬೇಕಾಗುತ್ತದೆ; ವಾಚಕರು ಬೇಸರಿಸಬಾರದು. ಗಾಳಿಯಲ್ಲಿ ಎಷ್ಟು ದೂರವಾದರೂ ಹೋಗುವ ರೇಡಿಯೋ ಅಲೆ ನೀರಿನೊಳಗೆ, ಅದರಲ್ಲೂ ಉಪ್ಪುನೀರಿನೊಳಗೆ, ಅಡಗಿಹೋಗುತ್ತದೆ. ಶಬ್ದದ ರೀತಿ ಇದಕ್ಕೆ ವಿರುದ್ಧ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಆದುದರಿಂದ ನೀರಿನಲ್ಲಿ ವರ್ತಮಾನ ಕಳುಹಿಸಬೇಕಾದರೆ ಕೂಗಿ ಹೇಳುವುದೇ ದಾರಿ. ಆದರೆ ಒಂದು ಮೀನು ಹೊರುವಷ್ಟು ಹಗುರಾದ ಕೂಗುಯಂತ್ರ ಎಲ್ಲಿಂದ ಬರಬೇಕು? 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, ಗಾಜಿನ ವಾಲ್ವುಗಳ ಕಾಲ ಮುಗಿಯತೊಡಗಿದ ಮೇಲೆ ಅದು ಕೈಗೆಟುಕಿತು. 1956ರಲ್ಲಿ ಪಾರ್ಕರ್ ಟ್ರಿಫೆಥನ್ ಎಂಬವರು ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಗಾಗಿ ಬರೆದ ವರದಿಯೊಂದರಲ್ಲಿ ಇಂಥ ಯಂತ್ರದ ವಿವರವನ್ನು ಪ್ರಕಟಿಸಿದರು. ಒಂದು ಪುಟ್ಟ ಕರಂಡಕದಲ್ಲಿ ಬ್ಯಾಟರಿಯೂ ಕಂಪನ ಹುಟ್ಟಿಸುವ ಉಪಕರಣವೂ ಸೇರಿದ್ದವು. ಅದರ ಸದ್ದು ಸೆಕೆಂಡಿಗೆ ಲಕ್ಷಕ್ಕೂ ಮೀರಿದ ಕಂಪನಗಳದು. 20,000ಕ್ಕೆ ಮುಗಿಯುವ ಮನುಷ್ಯನ ಕಿವಿಗೆ ಅದು ಕೇಳಿಸದು. ದೋಣಿಯಿಂದ ನೀರಿಗೆ ಇಳಿಬಿಟ್ಟ ಹೈಡ್ರೋಫೋನು, ಎಂದರೆ ನೀರುಗಿವಿ, ಅದನ್ನು ಹಿಡಿದು ನಮ್ಮ ಕಿವಿಗೆ ಒಪ್ಪುವ ಸದ್ದಾಗಿ ಮಾರ್ಪಡಿಸುತ್ತಿತ್ತು. 1957ರಲ್ಲಿ ಬಾನವಿಲ್ ಕಟ್ಟೆಯ ಬಳಿ ಈ ಕರಂಡಕ ಹೊತ್ತ ಸಾಲ್ಮನ್‌ಗಳ ಬೆನ್ನು ಹತ್ತಿ ದೋಣಿಗಳು ಅಲೆದಾಡಿದವು. ಒಂದೇ ಒಂದು ಮೀನು, ಕಣ್ಣಿಗೆ ಕಾಣದಿದ್ದರೂ, ಈ ಗಳಿಗೆಯಲ್ಲಿ ಇಲ್ಲಿದೆ, ಮುಂದಿನ ಗಳಿಗೆಯಲ್ಲಿ ಅಲ್ಲಿದೆ ಎಂದು ಹೇಳುವುದು ಮನುಷ್ಯನಿಗೆ ಸಾಧ್ಯವಾಯಿತು.

ಅದೇ 1957ರ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿ ಬರೆಯದೆ ಮುಂದೆ ಹೋಗಲು ನಮಗೆ ಮನಸ್ಸು ಬಾರದು. ಬಾನವಿಲ್ಲಿಗೆ ಮೇಲ್ಗಡೆ ಸಿಲೈಲೋ ಎಂಬ ಜಲಪಾತವಿತ್ತು. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಬಂಡೆಗಳ ಮೇಲೆ ಅಟ್ಟಣೆ ಕಟ್ಟಿ, ಉದ್ದ ಕೋಲಿನ ಬಲೆಯಿಂದ ಜಿಗಿಯುವ ಸಾಲ್ಮನ್‌ಗಳನ್ನು ಹಿಡಿಯುತ್ತಿದ್ದ ಸ್ಥಳವದು. ಅವರ ಸಂತೆ, ಜಾತ್ರೆ, ಬೀಗತನಗಳ ಮಾತುಕತೆ ಎಲ್ಲಕ್ಕೂ ಅದೇ ನೆಲೆ. 1855ರ ಒಪ್ಪಂದಗಳಲ್ಲಿ ಅಮೆರಿಕ ಸರ್ಕಾರ ಅವರ ಮೀನು ಹಿಡಿಯುವ ಹಕ್ಕನ್ನು ಬರವಣಿಗೆಯಲ್ಲೇ ಒಪ್ಪಿಕೊಂಡಿತ್ತು. 1957ರ ಮಾರ್ಚ್ 10ರಂದು ಹೊಸದಾದ ಡ್ಯಾಲ್ಸ್ ಕಟ್ಟೆಯ ಬಾಗಿಲುಗಳನ್ನು ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ಹಿನ್ನೀರು ಏರಿ ಜಲಪಾತ ಮುಳುಗಿತು; ಅದರ ಸದ್ದು ನಿಂತಿತು. ದಡದಲ್ಲಿ ನಿಂತು ನೋಡಿದವರ ಎದೆಯಲ್ಲಿ ಏನಾಗಿರಬೇಕೆಂಬುದನ್ನು ಶರಾವತಿ, ಕೃಷ್ಣೆಯರ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟವರು ಬಲ್ಲರು. ಮೀನಿನ ದನಿ ಕೇಳುವ ಯಂತ್ರ ಕೆಲಸಕ್ಕೆ ತೊಡಗಿದ ವರ್ಷದಲ್ಲೇ ಆ ದಡದ ಮನುಷ್ಯರ ದನಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೀನು ಎಲ್ಲಿದೆ ಎಂಬುದು ತಿಳಿದರೆ ಸಾಲದು. ಸಾವಿರ ಹೊಳೆಗಳ ನಡುವೆ ತನ್ನದೇ ಹೊಳೆಯನ್ನು ಅದು ಹೇಗೆ ಗುರುತಿಸುತ್ತದೆ? ಈ ಒಗಟಿಗೆ ಉತ್ತರ ಹೊಳೆದುದು ಒಂದು ಬೆಟ್ಟದ ಮೇಲೆ. ವಿಸ್ಕಾನ್‌ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ 1946ರಲ್ಲಿ ತಮ್ಮ ಹುಟ್ಟುನಾಡಾದ ಯೂಟಾಕ್ಕೆ ಹೋಗಿ ಟಿಂಪನೋಗಸ್ ಬೆಟ್ಟ ಹತ್ತುತ್ತಿದ್ದರು. ಇನ್ನೂ ಕಣ್ಣಿಗೆ ಬೀಳದ ಒಂದು ಜಲಪಾತದ ಕಡೆಯಿಂದ ಪಾಚಿಯ, ಕಾಡುಹೂವಿನ ತಂಪುವಾಸನೆ ಬೀಸಿ ಬಂದಿತು; ಒಡನೆಯೇ ಎಷ್ಟೋ ಕಾಲದಿಂದ ಮರೆತಿದ್ದ ಬಾಲ್ಯದ ನೆನಪುಗಳು ಒಂದರ ಮೇಲೊಂದು ನುಗ್ಗಿದವು. ಮೊದಲ ಮಳೆಗೆ ನೆನೆದ ನೆಲದ ವಾಸನೆ ಪರಊರಿನ ಬೀದಿಯಲ್ಲಿ ಮೂಗಿಗೆ ಬಡಿದಾಗ ನಮ್ಮಲ್ಲಿ ಯಾರಿಗೆ ಹೀಗಾಗಿಲ್ಲ? ನಾವು ಒಂದು ನಿಟ್ಟುಸಿರು ಬಿಟ್ಟು ಬಸ್ಸು ಹಿಡಿಯುತ್ತೇವೆ. ಹ್ಯಾಸ್ಲರ್ ಅಲ್ಲಿಯೇ ಸಾಲ್ಮನ್‌ನ ವಿಷಯ ಯೋಚಿಸಿದರು: ಮೀನಿಗೂ ಹೀಗೆಯೇ ಇರಬಾರದೇಕೆ? ಒಂದೊಂದು ಹೊಳೆಗೂ ಅದರ ಮಣ್ಣು, ಅದರ ಗಿಡಗಂಟಿಗಳಿಂದ ಬಂದ ತನ್ನದೇ ವಾಸನೆಯಿದ್ದು, ಮರಿಯಾಗಿದ್ದಾಗ ಮೂಗಿಗೆ ಹತ್ತಿದ ಆ ವಾಸನೆಯನ್ನೇ ಹಿಡಿದು ಮುದಿಮೀನು ಮನೆಗೆ ಬರುತ್ತಿರಬಾರದೇಕೆ?

ಅವರು ತಮ್ಮ ಶಿಷ್ಯ ವಾರನ್ ವಿಸ್ಬಿಯೊಡನೆ ಈ ವಾದವನ್ನು 1951ರಲ್ಲಿ ಮುಂದಿಟ್ಟರು. ಬಳಿಕ ವಾಷಿಂಗ್ಟನ್ ಸಂಸ್ಥಾನದ ಇಸಕ್ವಾ ಹೊಳೆಯ ಎರಡು ಕವಲುಗಳಿಂದ ಸಾಲ್ಮನ್‌ಗಳನ್ನು ಹಿಡಿದು, ಅರ್ಧಕ್ಕೆ ಮೂಗಿನಲ್ಲಿ ಹತ್ತಿ ತುರುಕಿ, ಕವಲಿನ ಕೆಳಗೆ ಬಿಟ್ಟು ನೋಡಿದರು. ಮೂಗು ತೆರೆದಿದ್ದವು ಬಹುಮಟ್ಟಿಗೆ ತಮ್ಮ ತಮ್ಮ ಕವಲನ್ನೇ ಹಿಡಿದವು. ಹತ್ತಿ ತುರುಕಿಸಿಕೊಂಡವು ದಿಕ್ಕುಗೆಟ್ಟವು. ಆದರೂ ಅದು ಬಿಟ್ಟ ಜಾಗ, ಸಿಕ್ಕ ಜಾಗಗಳ ಲೆಕ್ಕವೇ. ಹ್ಯಾಸ್ಲರರಿಗೆ ದಾರಿಯೂ ಬೇಕಿತ್ತು. ವಿಸ್ಕಾನ್‌ಸಿನ್ನಿನ ಮೆಂಡೋಟಾ ಸರೋವರದಲ್ಲಿ ಅವರು ಮೀನಿನ ಬೆನ್ನಿಗೆ ನೈಲಾನ್ ದಾರ ಕಟ್ಟಿ, ದಾರದ ತುದಿಗೆ ತೇಲುಬುರುಡೆ ಕಟ್ಟಿ, ಬುರುಡೆ ಹೋದತ್ತ ದೋಣಿ ನಡೆಸಿದ್ದುಂಟು. ನೋಡುವವರಿಗೆ ಅದು ಹುಡುಗಾಟವೆಂದೇ ತೋರಿರಬೇಕು. 1960ರ ದಶಕದಲ್ಲಿ ಬುರುಡೆ ಹೋಗಿ ಕೂಗುವ ಬಿಲ್ಲೆ ಬಂದಿತು.

1970ರ ದಶಕದಲ್ಲಿ ಮಿಶಿಗನ್ ಸರೋವರದಲ್ಲಿ ಹ್ಯಾಸ್ಲರ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆ ಈ ಚರಿತ್ರೆಯಲ್ಲೆಲ್ಲ ನಮಗೆ ಅತ್ಯಂತ ಮೆಚ್ಚಿಕೆಯಾದುದು. ಮರಿ ಸಾಲ್ಮನ್‌ಗಳನ್ನು ಸಾಕುವ ತೊಟ್ಟಿಯ ನೀರಿಗೆ ಮಾರ್ಫೋಲಿನ್ ಎಂಬ, ಆ ಸರೋವರದಲ್ಲಿ ಸಹಜವಾಗಿ ಇಲ್ಲದ ರಾಸಾಯನಿಕವನ್ನು ಬಲು ಕೊಂಚವಾಗಿ ಬೆರೆಸಿದರು. ಮರಿಗಳು ಸರೋವರಕ್ಕೆ ಹೋಗಿ ಬೆಳೆದವು. ಅವು ಮೊಟ್ಟೆಯಿಡಲು ದಡಕ್ಕೆ ಬರುವ ಕಾಲಕ್ಕೆ ಒಂದು ಹೊಳೆಗೆ ಅದೇ ಮಾರ್ಫೋಲಿನ್ನನ್ನು ತೊಟ್ಟಿಕ್ಕಿಸಿದರು. ಆ ವಾಸನೆಯಲ್ಲಿ ಬೆಳೆದ ಮೀನುಗಳು ಉಳಿದವುಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿ, ತಾವು ಎಂದೂ ಕಾಣದ ಆ ಹೊಳೆಯನ್ನು ತಮ್ಮ ಮನೆಯೆಂದು ಹೊಕ್ಕವು. ಇಷ್ಟಕ್ಕೇ ಬಿಡದೆ, ಕೆಲವಕ್ಕೆ ಕೂಗುವ ಬಿಲ್ಲೆ ಕಟ್ಟಿ, ಅವು ದಡದಗುಂಟ ಈಜಿ ಬರುವ ದಾರಿಗೆ ಅಡ್ಡಲಾಗಿ ಅದೇ ರಾಸಾಯನಿಕವನ್ನು ಸುರಿದರು. ವಾಸನೆ ಬಲ್ಲ ಮೀನು ಅಲ್ಲಿಗೆ ಬಂದೊಡನೆ ನಿಂತಿತು, ಅಲ್ಲಿಯೇ ಸುತ್ತಾಡಿತು, ನೀರಿನೊಡನೆ ವಾಸನೆ ಕರಗಿಹೋದ ಮೇಲೆ ಮುಂದಕ್ಕೆ ಹೋಯಿತು. ವಾಸನೆಯರಿಯದ ಮೀನು ನಿಲ್ಲದೆ ದಾಟಿಹೋಯಿತು. ಮನೆಯ ಬಾಗಿಲೆಂದು ಬಗೆದು ಬರಿಯ ನೀರಿನಲ್ಲಿ ಸುತ್ತಿದ ಆ ಮೀನಿನ ತಬ್ಬಿಬ್ಬನ್ನು ದೋಣಿಯಲ್ಲಿದ್ದವರು ಗಳಿಗೆ ಗಳಿಗೆಗೂ ಗುರುತು ಹಾಕಿಕೊಂಡರು.

ಕಡಲಿನ ಭಾಗವನ್ನು ನಾವು ಬೇಗ ಮುಗಿಸುತ್ತೇವೆ. ಅದರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ನಡುಗಡಲಿನಲ್ಲಿ ದೋಣಿ ಬೆನ್ನು ಹತ್ತಲಾರದು. ಆದುದರಿಂದ ಬಿಲ್ಲೆಗೇ ನೆನಪನ್ನು ಕೊಟ್ಟರು. ಮೀನಿನ ಮೇಲಿರುವ ಈ ಬಿಲ್ಲೆ ನೀರಿನ ಆಳ, ಬಿಸುಪು, ಬೆಳಕುಗಳನ್ನು ಬರೆದಿಟ್ಟುಕೊಳ್ಳುತ್ತ ಹೋಗುತ್ತದೆ. ಬೆಳಕೊಂದೇ ಸಾಕು, ಊರು ತಿಳಿಯಲು. ಒಂದೇ ದಿನ ಚೆನ್ನೈಯಲ್ಲಿ ಸೂರ್ಯ ನೆತ್ತಿಗೇರಿದ ಸುಮಾರು ಅರ್ಧ ಗಂಟೆಯ ಮೇಲೆ ಮುಂಬಯಿಯಲ್ಲಿ ನೆತ್ತಿಗೇರುತ್ತಾನೆ. ಮಧ್ಯಾಹ್ನದ ಹೊತ್ತಿನಿಂದ ಪೂರ್ವ ಪಶ್ಚಿಮ ತಿಳಿಯಿತು. ಹಗಲಿನ ಉದ್ದದಿಂದ ಉತ್ತರ ದಕ್ಷಿಣ ತಿಳಿಯಿತು. ಪಂಚಾಂಗದವರಿಗೆ ಇದು ಹೊಸದಲ್ಲ. ಮೀನಿನ ಬೆನ್ನ ಮೇಲೆ ಪಂಚಾಂಗವನ್ನು ಹೇರಿದ್ದಷ್ಟೆ ಹೊಸದು. ಗೊತ್ತುಮಾಡಿದ ದಿನ ಬಂದಾಗ ಬಿಲ್ಲೆಯ ಕೊಂಡಿ ತಾನೇ ಕರಗಿ, ಬಿಲ್ಲೆ ಮೇಲಕ್ಕೆ ತೇಲಿ, ತಾನು ಬರೆದುದರ ಸಾರಾಂಶವನ್ನು ಉಪಗ್ರಹಕ್ಕೆ ಒಪ್ಪಿಸುತ್ತದೆ. 1990ರ ದಶಕದ ಕೊನೆಗೆ ಬಳಕೆಗೆ ಬಂದ ಈ ಬಿಲ್ಲೆ ಒಂದೊಂದು ದೊಡ್ಡ ಊಹೆಯನ್ನೇ ಬುಡಮೇಲು ಮಾಡಿತು. 2003ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ಬಿಲ್ಲೆ ಪಡೆದ ‘ನಿಕೋಲ್’ ಎಂಬ ಹೆಣ್ಣು ಬಿಳಿ ಶಾರ್ಕು 99 ದಿನಗಳಲ್ಲಿ 11,000 ಕಿಲೋಮೀಟರ್ ಈಜಿ ಆಸ್ಟ್ರೇಲಿಯವನ್ನು ಮುಟ್ಟಿ, 2004ರ ಆಗಸ್ಟಿನಲ್ಲಿ ತಿರುಗಿ ಹೊರಟ ಜಾಗದಲ್ಲೇ ಕಾಣಿಸಿಕೊಂಡಿತು. ಆ ಬಗೆಯ ಶಾರ್ಕು ಕರಾವಳಿಯನ್ನು ಬಿಟ್ಟು ದೂರ ಹೋಗದೆಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಹೆಚ್ಚು ಹಣದ ಸಂಬಂಧವಿದ್ದುದು ಅಟ್ಲಾಂಟಿಕ್ಕಿನ ನೀಲಿರೆಕ್ಕೆಯ ಟ್ಯೂನಾ ಮೀನಿನದು. 1981ರಲ್ಲಿ ಅದನ್ನು ಹಿಡಿಯುವ ದೇಶಗಳು ಕಡಲಿನ ನಡುವೆ 45ನೆಯ ಪಶ್ಚಿಮ ರೇಖಾಂಶದಲ್ಲಿ ಗೆರೆಯೆಳೆದು, ಈಚೆಯ ಮೀನು ಬೇರೆ, ಆಚೆಯ ಮೀನು ಬೇರೆಯೆಂದು ಹಂಚಿಕೊಂಡಿದ್ದವು. ಬಾರ್ಬರಾ ಬ್ಲಾಕ್ ಎಂಬ ವಿಜ್ಞಾನಿಯೂ ಸಂಗಡಿಗರೂ ಬಿಲ್ಲೆ ಹಾಕಿದ ಟ್ಯೂನಾಗಳು ಆ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೇಯುವಾಗ ಎರಡೂ ಕಡೆಯವು ಒಂದೇ ಕಡಲಿನಲ್ಲಿ ಬೆರೆತು, ಮೊಟ್ಟೆಯಿಡುವಾಗ ಮಾತ್ರ ಕೆಲವು ಮೆಕ್ಸಿಕೋ ಕೊಲ್ಲಿಗೂ ಕೆಲವು ಮೆಡಿಟರೇನಿಯನ್ನಿಗೂ ಮರಳಿದವು. ಗೆರೆಯ ಈಚೆ ಉಳಿಸಿದೆವೆಂದು ಕೊಂಡಾಡಿಕೊಂಡ ಮೀನನ್ನೇ ಆಚೆಯವರು ಹಿಡಿಯುತ್ತಿರಬಹುದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ನಮ್ಮ ದೇಶದಲ್ಲಿಯೂ ಈ ಬಿಲ್ಲೆ ನೀರಿಗಿಳಿದಿದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದವರು 2010ರ ದಶಕದಲ್ಲಿ ಹಳದಿರೆಕ್ಕೆಯ ಟ್ಯೂನಾಗಳಿಗೆ ಉಪಗ್ರಹ ಬಿಲ್ಲೆ ಹಾಕಿಸಿದರು. ಆದರೆ ಹೆಚ್ಚು ಹೇಳಬೇಕಾದುದು ಗುಜರಾತಿನ ಮಾತು. ಸೌರಾಷ್ಟ್ರದ ಕರೆಗೆ ವರ್ಷವರ್ಷವೂ ತಿಮಿಂಗಿಲ ಶಾರ್ಕುಗಳು ಬರುತ್ತವೆ. ಮೀನುಗಳಲ್ಲೆಲ್ಲ ದೊಡ್ಡದಾದರೂ ಸಾಧುಪ್ರಾಣಿ. ಈಲಿಯ ಎಣ್ಣೆಗೂ ಮಾಂಸಕ್ಕೂ ಅವನ್ನು ನೂರುಗಟ್ಟಲೆ ಕೊಲ್ಲುತ್ತಿದ್ದರು. 2001ರಲ್ಲಿ ಸರ್ಕಾರ ಅದಕ್ಕೆ ಹುಲಿಯಷ್ಟೇ ಬಿಗಿಯಾದ ರಕ್ಷಣೆ ಕೊಟ್ಟಿತು. ಕಾನೂನಿನಷ್ಟೇ ಕೆಲಸ ಮಾಡಿದುದು ಕಥಾವಾಚಕರಾದ ಮುರಾರಿ ಬಾಪು ಅವರ ಮಾತು: 2004ರಲ್ಲಿ ಆರಂಭವಾದ ಪ್ರಚಾರದಲ್ಲಿ ಅವರು ಆ ಮೀನನ್ನು ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ಹೋಲಿಸಿದರು. ಬಾಣಂತನಕ್ಕೆ ಬಂದ ಮಗಳ ಮೇಲೆ ಯಾವ ತಂದೆ ಈಟಿ ಎಸೆದಾನು? ಅಂದಿನಿಂದ ಅಲ್ಲಿನ ಬೆಸ್ತರು ಬಲೆಗೆ ಬಿದ್ದ ಶಾರ್ಕನ್ನು, ಬೆಲೆಬಾಳುವ ಬಲೆಯನ್ನೇ ಕತ್ತರಿಸಿ ಬಿಡುಗಡೆ ಮಾಡುತ್ತ ಬಂದಿದ್ದಾರೆ. 2011ರಲ್ಲಿ ವೈಲ್ಡ್‌ಲೈಫ್ ಟ್ರಸ್ಟಿನವರು ಹೀಗೆ ಬಿಡುಗಡೆಯಾದ ಶಾರ್ಕಿಗೆ ಉಪಗ್ರಹ ಬಿಲ್ಲೆ ತೊಡಿಸಿದರು. ಬಲೆ ಕತ್ತರಿಸುವ ಕೈಗಳು ಮೊದಲು ಸಿದ್ಧವಾಗಿ, ಬಿಲ್ಲೆ ಆಮೇಲೆ ಬಂದುದು ಇಲ್ಲಿನ ವಿಶೇಷ. ಬೇರೆಡೆಯಲ್ಲಿ ಸಾಮಾನ್ಯವಾಗಿ ಇದರ ತಲೆಕೆಳಗು.

ಕೊಲಂಬಿಯಾದ ಕತೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅಲ್ಲಿ ಲೆಕ್ಕ ತಪ್ಪಿದ ಮೀನುಗಳು ಏನಾದವೆಂದು ಹೇಳಬೇಕು. ಉಪ್ಪಿಲ್ಲದ ಹೊಳೆನೀರು ಆಳವಿಲ್ಲದಿದ್ದರೆ ರೇಡಿಯೋ ಅಲೆ ಅದನ್ನು ಹೇಗೋ ದಾಟಿ ಹೊರಬರುತ್ತದೆ. ಆದುದರಿಂದ 1970ರ ದಶಕದಿಂದ ಸಾಲ್ಮನ್‌ನ ಬಾಯಿಯ ಮೂಲಕ ಹೊಟ್ಟೆಗೆ ಚಿಕ್ಕ ರೇಡಿಯೋ ಬಿಲ್ಲೆಯನ್ನಿಳಿಸಿ, ದಾರದಂಥ ಆಂಟೆನಾ ಬಾಯಿಂದ ಹೊರಗೆ ತೂಗುವಂತೆ ಬಿಡತೊಡಗಿದರು. ಹೊಳೆಗೆ ಬಂದ ಸಾಲ್ಮನ್ ಏನೂ ತಿನ್ನದಾದುದರಿಂದ ಇದರಿಂದ ಅದರ ಊಟಕ್ಕೆ ಅಡ್ಡಿಯಿಲ್ಲ. ಈ ರೇಡಿಯೋ ಹೇಳಿದ ಸುದ್ದಿ ಎಣಿಸುವವರನ್ನು ಬೆಚ್ಚಿಬೀಳಿಸಿತು. ಏಣಿಯನ್ನು ಕಷ್ಟಪಟ್ಟು ಹತ್ತಿದ ಕೆಲವು ಮೀನುಗಳು ಮೇಲಿನ ನೀರಿನ ಸೆಳೆತಕ್ಕೆ ಸಿಕ್ಕಿ ಕೋಡಿಯ ಮೇಲಿಂದ ಮತ್ತೆ ಕೆಳಕ್ಕೆ ಬೀಳುತ್ತಿದ್ದವು! ಬಿದ್ದವುಗಳಲ್ಲಿ ಗಟ್ಟಿಯಾದವು ಮತ್ತೆ ಏಣಿ ಹತ್ತುತ್ತಿದ್ದವು. ಕಂಡಿಯ ಬಳಿ ಕೂತವರು ಅದೇ ಮೀನನ್ನು ಎರಡನೆಯ ಸಲವೂ ಎಣಿಸುತ್ತಿದ್ದರು. ಕಾಗದದ ಮೇಲೆ ಎರಡು ಮೀನು, ನದಿಯಲ್ಲಿ ಒಂದು.

ಏರುವ ಮೀನಿಗಿಂತ ಇಳಿಯುವ ಮರಿಗಳ ಪಾಡು ಕಷ್ಟ. ಗೇಣುದ್ದವೂ ಇಲ್ಲದ ಮರಿಗೆ ಬ್ಯಾಟರಿ ಹೊರಿಸುವಂತಿಲ್ಲ. ಬಿಲ್ಲೆಯ ತೂಕ ಮೀನಿನ ತೂಕದ ನೂರಕ್ಕೆ ಎರಡು ಪಾಲನ್ನು ಮೀರಬಾರದೆಂಬುದು ಈ ಕೆಲಸದವರಲ್ಲಿ ರೂಢಿಯಾದ ಲೆಕ್ಕ. 1980ರ ದಶಕದಲ್ಲಿ ಬ್ಯಾಟರಿಯೇ ಇಲ್ಲದ ಬಿಲ್ಲೆ ಬಂದಿತು. ಅಕ್ಕಿಯ ಕಾಳಿಗಿಂತ ಕೊಂಚ ಉದ್ದ, ಸುಮಾರು 12 ಮಿಲಿಮೀಟರಿನ ಗಾಜಿನ ಗುಳಿಗೆ. ಒಳಗೆ ತಂತಿಸುರುಳಿ ಮತ್ತು ಒಂದು ಸಂಖ್ಯೆ. ಇದನ್ನು ಸೂಜಿಯಿಂದ ಮರಿಯ ಹೊಟ್ಟೆಗೆ ಸೇರಿಸುತ್ತಾರೆ. ಅದು ನಿದ್ರಿಸುತ್ತಿರುತ್ತದೆ. ಕಟ್ಟೆಯ ಕಾಲುವೆಯಲ್ಲಿಟ್ಟ ಆಂಟೆನಾದ ಹತ್ತಿರ ಮೀನು ಹಾದಾಗ ಅದರ ವಿದ್ಯುತ್ಕಾಂತ ಕ್ಷೇತ್ರದಿಂದಲೇ ಶಕ್ತಿ ಪಡೆದು, ಒಂದು ಸಲ ತನ್ನ ಸಂಖ್ಯೆ ಹೇಳಿ, ಮತ್ತೆ ನಿದ್ರೆಹೋಗುತ್ತದೆ. ಮೀನು ಬದುಕಿರುವವರೆಗೂ ಅದು ಕೆಡುವುದಿಲ್ಲ. ಇಂಥ ಗುಳಿಗೆಗಳನ್ನು ಕೊಲಂಬಿಯಾದಲ್ಲಿ ಕೋಟಿಗಳ ಲೆಕ್ಕದಲ್ಲಿ ಹಾಕಿದ್ದಾರೆ. ಯಾವ ಕಟ್ಟೆಯ ಬಳಿ ಎಷ್ಟು ಮರಿ ಸತ್ತವು, ಟರ್ಬೈನಿನ ಮೂಲಕ ಹೋದವೆಷ್ಟು, ಕೋಡಿಯ ಮೂಲಕ ಹೋದವೆಷ್ಟು, ಅವುಗಳಲ್ಲಿ ಕಡಲಿನಿಂದ ಮರಳಿದವೆಷ್ಟು ಎಂಬ ಬಾಬುಬಾಬಿನ ಲೆಕ್ಕ ಆಮೇಲೆ ಮುಚ್ಚಿಡುವಂತಿರಲಿಲ್ಲ. ಮರಿಗಳನ್ನು ತುಂಬಿಕೊಂಡು ಕಟ್ಟೆಗಳನ್ನು ದಾಟಿಸುವ ಲಾರಿಗಳೂ ದೋಣಿಗಳೂ ಇದ್ದವು. ಮೀನನ್ನು ಲಾರಿಯಲ್ಲಿ ಕೂರಿಸಿ ಕಡಲಿಗೆ ಕಳುಹಿಸುವ ಈ ಏರ್ಪಾಟು ಕೇಳಲು ತಮಾಷೆಯಾಗಿದೆ. 2005ರಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರು, ವಿದ್ಯುತ್ತು ನಷ್ಟವಾದರೂ ಸರಿ, ಬೇಸಗೆಯಲ್ಲಿ ಕೋಡಿಯ ಮೇಲಿಂದ ನೀರು ಬಿಡಬೇಕೆಂದು ಆಜ್ಞೆ ಮಾಡಿದರು. ಸಿಲೈಲೋವನ್ನು ಕಳೆದುಕೊಂಡವರ ನಾಲ್ಕು ಜನಾಂಗಗಳು 1977ರಲ್ಲಿ ತಮ್ಮದೇ ಮೀನು ಆಯೋಗವನ್ನು ಕಟ್ಟಿಕೊಂಡಿದ್ದವು. ಇಂದು ಅವರ ವಿಜ್ಞಾನಿಗಳೇ ಗುಳಿಗೆ ಹಾಕುತ್ತಾರೆ, ಲೆಕ್ಕವನ್ನೂ ಕೇಳುತ್ತಾರೆ.

ಲೆಕ್ಕ ಸಿಕ್ಕಿತೆಂದ ಮಾತ್ರಕ್ಕೆ ಮೀನು ಉಳಿಯಿತೆಂದು ಹೇಳಲಾಗದು. ಐಡಾಹೋ ಸಂಸ್ಥಾನದ ರೆಡ್‌ಫಿಶ್ ಸರೋವರ ಕಡಲಿನಿಂದ ಸುಮಾರು 1,450 ಕಿಲೋಮೀಟರ್ ದೂರದಲ್ಲಿ, ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕೆಂಪು ಸಾಕ್‌ಐ ಸಾಲ್ಮನ್‌ಗಳಿಂದಲೇ ಅದಕ್ಕೆ ಆ ಹೆಸರು ಬಂದುದು. ನಡುವೆ ಎಂಟು ಕಟ್ಟೆಗಳು. ಅವುಗಳಲ್ಲಿ ಸ್ನೇಕ್ ನದಿಯ ನಾಲ್ಕು 1961ರಿಂದ 1975ರೊಳಗೆ ಎದ್ದವು. 1991ರಲ್ಲಿ ಆ ಸರೋವರಕ್ಕೆ ನಾಲ್ಕು ಮೀನು ಬಂದವು. 1992ರಲ್ಲಿ ಬಂದುದು ಒಂದೇ ಒಂದು, ಅದೂ ಗಂಡು. ‘ಒಂಟಿ ಲ್ಯಾರಿ’ ಎಂದು ಅದಕ್ಕೆ ಹೆಸರಿಟ್ಟರು. ಎಂಟು ಏಣಿಗಳನ್ನು ಹತ್ತಿ, ಬೆಟ್ಟವನ್ನೇರಿ, ಹುಟ್ಟಿದ ಮನೆಯ ಬಾಗಿಲಿಗೆ ಬಂದರೆ ಒಳಗೆ ಯಾರೂ ಇಲ್ಲ. ಅಂದಿನಿಂದ ಉಳಿದ ಬೀಜವನ್ನು ತೊಟ್ಟಿಗಳಲ್ಲಿ ಸಾಕಿ, ಮರಿ ಮಾಡಿ, ಕುಲವನ್ನು ಹೇಗೋ ಹಿಡಿದುಕೊಂಡಿದ್ದಾರೆ. 2015ರ ಬೇಸಗೆಯಲ್ಲಿ ನದಿಯ ನೀರು ಕಾದುಹೋಯಿತು. ಆ ವರ್ಷ ಬಾನವಿಲ್ ಕಟ್ಟೆಯನ್ನು ದಾಟಿದ ಸ್ನೇಕ್ ನದಿಯ ಸಾಕ್‌ಐಗಳು ಸಾವಿರಗಟ್ಟಲೆಯಾದರೂ, ತಾವಾಗಿ ಈಜಿ ಬೆಟ್ಟದ ನೀರನ್ನು ಮುಟ್ಟಿದವು ನೂರೂ ಆಗಲಿಲ್ಲ. ಯಾವ ಕಟ್ಟೆಗಳ ನಡುವೆ ಸತ್ತವೆಂಬುದನ್ನು ಗುಳಿಗೆಗಳು ಒಂದೊಂದಾಗಿ ಹೇಳಿದವು, ಎಂದರೆ ಹೇಳುವುದನ್ನು ನಿಲ್ಲಿಸಿದವು. ಆ ನಾಲ್ಕು ಕಟ್ಟೆಗಳನ್ನು ತೆಗೆಯಬೇಕೆ ಬೇಡವೆ ಎಂಬ ವ್ಯಾಜ್ಯ ಇನ್ನೂ ತೀರಿಲ್ಲ.

ತೀರಿದುದು ಅಲ್ಲಿಂದ ತೆಂಕಕ್ಕಿರುವ ಕ್ಲಾಮತ್ ನದಿಯಲ್ಲಿ. 2002ರ ಸೆಪ್ಟೆಂಬರಿನಲ್ಲಿ ಅದರ ಕೆಳಭಾಗದಲ್ಲಿ, ಕಡಿಮೆಯಾದ ಬೆಚ್ಚಗಿನ ನೀರಿನಲ್ಲಿ ರೋಗ ಹಬ್ಬಿ, 30,000ಕ್ಕೂ ಹೆಚ್ಚು ಸಾಲ್ಮನ್‌ಗಳು ಸತ್ತು ದಡ ತುಂಬಿದ್ದವು. ಆ ದಡದ ಯುರೊಕ್ ಮತ್ತಿತರ ಮೂಲನಿವಾಸಿಗಳು ಇಪ್ಪತ್ತು ವರ್ಷಗಳ ಮೇಲೆ ಹೋರಾಡಿದರು. 2024ರ ಶರತ್ಕಾಲದ ಹೊತ್ತಿಗೆ ನಾಲ್ಕು ಕಟ್ಟೆಗಳನ್ನು ಕೆಡವಿ ಮುಗಿಸಿದರು. ಮೀನು ಬರಲು ಎಷ್ಟು ವರ್ಷ ಬೇಕಾದೀತೆಂದು ತಿಳಿದವರು ಚರ್ಚಿಸುತ್ತಿದ್ದರು. ಕಟ್ಟೆಯಿದ್ದ ಜಾಗದಲ್ಲಿ ನೀರಿಗೆ ಶಬ್ದಯಂತ್ರವನ್ನಿಳಿಸಿ, ಹಿಡಿದ ಮೀನುಗಳಿಗೆ ರೇಡಿಯೋ ಬಿಲ್ಲೆ ಹಾಕಿ ಕಾಯುತ್ತಿದ್ದರು. ಅಕ್ಟೋಬರ್ 16ರಂದು, ಕೆಡವುವ ಕೆಲಸ ಮುಗಿದು ಇನ್ನೂ ಕೆಲವೇ ವಾರ, ಅತ್ಯಂತ ಮೇಲಿನ ಕಟ್ಟೆಯ ಜಾಗಕ್ಕೂ ಆಚೆ, ಒರೆಗಾನ್ ಸಂಸ್ಥಾನದ ಒಂದು ಚಿಕ್ಕ ತೊರೆಯಲ್ಲಿ ಒಂದು ಚಿನೂಕ್ ಸಾಲ್ಮನ್ ಕಾಣಿಸಿತು. ಆ ನೀರಿಗೆ ಸಾಲ್ಮನ್ ಬಂದುದು 1912ರಿಂದೀಚೆಗೆ ಅದೇ ಮೊದಲು.